ಮಣ್ಣಿನ ಬಸ್ಸಾರು

ಈ ಲೋಕದಲ್ಲಿ ಮೇಲೆ ಸುರಿದದ್ದೆಲ್ಲ ಒಂದಲ್ಲ ಒಂದು ದಿನ ಕೆಳಗಿಳಿಯಲೇಬೇಕು. ಸಿಂಹಾಸನಗಳು ಇಳಿದಿವೆ, ಕೀರ್ತಿ ಇಳಿದಿದೆ. ತನ್ನದೆಂದು ಮನುಷ್ಯ ಬಿಗಿಯಾಗಿ ಹಿಡಿದುಕೊಂಡದ್ದು ಯಾವುದೂ ಅವನ ಮುಷ್ಟಿಯಲ್ಲಿ ನಿಂತಿಲ್ಲ. ಇಷ್ಟು ಓದಿ, ನಾನು ವೈರಾಗ್ಯದ ಬಗ್ಗೆ ಬರೆಯಲು ಹೊರಟಿದ್ದೇನೆಂದು ಯಾರಾದರೂ ಕೈಮುಗಿದು ಕುಳಿತಿದ್ದರೆ ದಯವಿಟ್ಟು ಕೈ ಇಳಿಸಿ. ನಾನು ಹೇಳಹೊರಟಿರುವುದು ಸಗಣಿ ಬಗ್ಗಡದ ವಿಷಯ. ಗೋಬರ್ ಗ್ಯಾಸ್ ಗುಂಡಿಯಿಂದ ಹೊರಬೀಳುವ ಬಗ್ಗಡವನ್ನು ಗಿಡಕ್ಕೆ ಸುರಿದರೆ ಅದರ ಸತ್ವದಲ್ಲಿ ಎಷ್ಟು ಮಣ್ಣಿನಲ್ಲಿ ನಿಲ್ಲುತ್ತದೆ, ಎಷ್ಟು ನೀರಿನ ಜೊತೆ ಬಸಿದು ಕೆಳಗೆ ಹೋಗುತ್ತದೆ ಎಂಬುದು ಈ ಪ್ರಬಂಧದ ವಸ್ತು. ಇದರ ನಾಯಕ ನನ್ನ ಷಡ್ಡಕ.

ನನ್ನ ಷಡ್ಡಕನಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ಕೊನೆಯಲ್ಲಿ ಹೇಳಿದರೆ ನೀವು ನಂಬುವುದಿಲ್ಲ.

ಷಡ್ಡಕನೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಇದು ರಕ್ತಸಂಬಂಧವೂ ಅಲ್ಲ, ಸ್ನೇಹವೂ ಅಲ್ಲ. ಒಂದೇ ಮನೆಗೆ ಅಳಿಯಂದಿರಾಗಿ ಬಂದ ತಪ್ಪಿಗೆ ಇಬ್ಬರು ಗಂಡಸರನ್ನು ಜೀವನಪೂರ್ತಿ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂರಿಸಿಡುವ ಏರ್ಪಾಡು. ಮೂವತ್ತಮೂರು ವರ್ಷಗಳಿಂದ ಈ ತಕ್ಕಡಿಯಲ್ಲಿ ನನ್ನ ತಟ್ಟೆ ಮೇಲೆಯೇ ಇದೆ. ತಕ್ಕಡಿ ಹಿಡಿದು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಉದಾಹರಣೆಗೆ ನಮ್ಮ ಅತ್ತೆ. ಅವರಿಗೆ ಇರುವವರು ಇಬ್ಬರೇ ಹೆಣ್ಣುಮಕ್ಕಳು. ಮಾವನವರು ಹೋದ ಮೇಲೆ ಅತ್ತೆ ಜಕ್ಕೂರಿನ ಕಿರಿಮಗಳ ಮನೆಯಲ್ಲಿ ನೆಲೆಸಿದರು. ನಮಗೂ ಕರೆಯಲು ಬಾಯಿ ಇತ್ತು, ಎರಡು ಸಲ ಕರೆದೆವು. "ಯಲಹಂಕದಲ್ಲಿ ನಿಮ್ಮನೆಗೆ ನೆಲ ಎಲ್ಲೈತೆ ಅಳಿಯಂದ್ರೆ, ಬರೀ ಟೈಲ್ಸು" ಎಂದರು. ಆ ‘ಅಳಿಯಂದ್ರೆ’ಯನ್ನು ಗಮನಿಸಬೇಕು. ನಾನು ಹೋದರೆ ಅತ್ತೆ ಸೆರಗು ಸರಿ ಮಾಡಿಕೊಂಡು "ಬನ್ನಿ ಅಳಿಯಂದ್ರೆ, ಕೂತ್ಕಳಿ" ಎಂದು ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೊಡುತ್ತಾರೆ. ಅದೇ ಅಳಿಯನ ಜಾಗದಲ್ಲಿರುವ ಷಡ್ಡಕನಿಗೆ "ಲೋ ಮಗಾ, ಬಾರೋ ಉಣ್ಣಕ್ಕೆ." ನನಗೆ ಮರ್ಯಾದೆ, ಅವನಿಗೆ ಮುದ್ದೆ! ಮೂವತ್ತಮೂರು ವರ್ಷ ಮರ್ಯಾದೆಯನ್ನು ತಿಂದು ಬದುಕಿದವನಿಗೆ ಮಾತ್ರ ಗೊತ್ತು, ಅದರಿಂದ ಹೊಟ್ಟೆ ತುಂಬುವುದಿಲ್ಲ ಎಂದು.

ಇನ್ನು ವಿದ್ಯೆಗೆ ಬರೋಣ. ನಾನು ಮೂವತ್ತೊಂದು ವರ್ಷ ಸರ್ಕಾರಿ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನು. ರೈತರು ಬಟ್ಟೆ ಚೀಲದಲ್ಲಿ ತರುತ್ತಿದ್ದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಸಾರಜನಕ ಇಷ್ಟು, ರಂಜಕ ಇಷ್ಟು, ಪೊಟ್ಯಾಷ್ ಇಷ್ಟು ಎಂದು ಕಾರ್ಡಿನ ಮೇಲೆ ಬರೆದು, ಕೆಳಗೆ ಸಹಿ ಹಾಕಿ ಕೊಡುತ್ತಿದ್ದೆ. ಅವರು ಅದನ್ನು ನಾಲ್ಕಾಗಿ ಮಡಚಿ ಅಂಗಿ ಜೇಬಿಗೆ ಇಡುತ್ತಿದ್ದರು. ಅಂಗಿ ಒಗೆಯಲು ಹೋಗುತ್ತಿತ್ತು. ನನ್ನ ವಿದ್ಯೆಯ ಬಹುಭಾಗ ಹೀಗೆ ಬಚ್ಚಲಲ್ಲಿ ಇಳಿದುಹೋಗಿದೆ. ಉಳಿದ ಭಾಗದ ಬಲದಿಂದ ಯಲಹಂಕದ ನಮ್ಮ ಮನೆಯ ತಾರಸಿಯಲ್ಲಿ ಒಂದು ಕರಿಬೇವಿನ ಗಿಡ ಬೆಳೆಸಿದ್ದೇನೆ. ಈ ಪ್ರಸಂಗ ನಡೆದಾಗ ಅದರಲ್ಲಿ ಹನ್ನೊಂದು ಎಸಳುಗಳಿದ್ದವು. ಒಗ್ಗರಣೆಗೆ ಕೀಳುವ ಮುಂಚೆ ನನ್ನ ಹೆಂಡತಿ ಎಣಿಸುತ್ತಾಳೆ.

ಷಡ್ಡಕ ಓದಿದ್ದು ಎಂಟನೆಯ ಕ್ಲಾಸು. ಅವನದು ಜಕ್ಕೂರಿನ ಹಳೆಯ ಒಕ್ಕಲು ಮನೆತನ. ಎಂಟು ಎಕರೆ ಇದ್ದ ಜಮೀನು ಅಣ್ಣತಮ್ಮಂದಿರ ನಡುವೆ ಪಾಲಾಗಿ, ಪಾಲೆಲ್ಲ ಅಪಾರ್ಟ್‌ಮೆಂಟುಗಳಾಗಿ, ಇವನು ಮಾತ್ರ ಹದಿನೆಂಟು ಗುಂಟೆಯನ್ನು ಯಾರಿಗೂ ಬಿಟ್ಟುಕೊಡದೆ ಕುಳಿತಿದ್ದಾನೆ. ಮೂರು ಕಡೆ ಹದಿನಾಲ್ಕು ಅಂತಸ್ತಿನ ಕಟ್ಟಡಗಳು, ಮೇಲೆ, ಹತ್ತಿರದ ವಿಮಾನ ತರಬೇತಿ ಶಾಲೆಯಲ್ಲಿ ಕಲಿಯುವವರು ಹಾರಿಸುವ ಪುಟ್ಟ ವಿಮಾನಗಳು, ನಡುವೆ ಒಂದು ಹೆಂಚಿನ ಮನೆ, ಕೊಟ್ಟಿಗೆ, ಸೊಪ್ಪಿನ ಮಡಿಗಳು, ತಗ್ಗಿನ ಮೂಲೆಯಲ್ಲಿ ಕಲ್ಲು ಕಟ್ಟಿದ ಬಾವಿ. ಮೊದಲು ಎರಡು ಹಸುಗಳಿದ್ದವು. ಜಮೀನು ಮಾರಿದ ನೆಂಟರಿಷ್ಟರು ಹಸುವನ್ನು ಮಾರಲು ಮನಸ್ಸಾಗದೆ ಒಂದೊಂದಾಗಿ ತಂದು ಇವನ ಕೊಟ್ಟಿಗೆಯಲ್ಲಿ ಕಟ್ಟಿಹೋದರು. ನೆಲ ಕರಗಿ ಹದಿನೆಂಟು ಗುಂಟೆಗೆ ಬಂದಾಗ ಹಸುಗಳು ಬೆಳೆದು ಐದಾಗಿದ್ದವು. ಸುತ್ತಲೂ ಅಪಾರ್ಟ್‌ಮೆಂಟು ಬಂದಿದೆ, ಇನ್ನು ಸ್ವಲ್ಪ ಕಮ್ಮಿ ಹಾಕೋಣ ಎಂಬ ತಿಳಿವಳಿಕೆ ಹಸುವಿಗೆ ಇರುವುದಿಲ್ಲವಲ್ಲ. ಐದರ ಸಗಣಿಯೂ ಗ್ಯಾಸ್ ಗುಂಡಿಗೆ ಹೋಗುತ್ತಿತ್ತು. ಗ್ಯಾಸು ಅಡಿಗೆಮನೆಗೆ, ಬಗ್ಗಡ ದಿನವೂ ಸೊಪ್ಪಿನ ಮಡಿಗೆ.

ಆ ಸೊಪ್ಪಿನ ಬಗ್ಗೆ ಎಷ್ಟು ಕಮ್ಮಿ ಹೇಳಿದರೆ ನನ್ನ ಆರೋಗ್ಯಕ್ಕೆ ಅಷ್ಟು ಒಳ್ಳೆಯದು. ಶನಿವಾರಕ್ಕೊಮ್ಮೆ ನನ್ನ ಸ್ಕೂಟರಿನಲ್ಲಿ ನಮ್ಮ ಮನೆಗೆ ಒಂದು ಕಂತೆ ದಂಟಿನ ಸೊಪ್ಪು ಬರುತ್ತಿತ್ತು. ಒಂದು ಸಲ ಬಂದ ಎಲೆಯನ್ನು ನನ್ನ ಹೆಂಡತಿ ಮುಖಕ್ಕೆ ಹಿಡಿದು ತೋರಿಸಿದಳು. ಮುಖ ಪೂರ್ತಿ ಮುಚ್ಚಿತು. ಅವಳ ಮುಖಭಾವ ನನಗೆ ಕಾಣಿಸಲಿಲ್ಲ, ಅದೊಂದು ಅನುಕೂಲ. ಎಲೆಯ ಹಿಂದಿನಿಂದಲೇ ಕೇಳಿದಳು:

"ಅಲ್ಲಾ, ಮೂವತ್ತೊಂದು ವರ್ಷ ಮಣ್ಣು ಪರೀಕ್ಷೆ ಮಾಡಿದ್ರಲ್ಲ, ಮಣ್ಣಿಗೆ ನಿಮ್ಮ ಮೇಲೆ ಏನಾದ್ರೂ ಸಿಟ್ಟಿದೆಯಾ?"

ನಾನು ತಾರಸಿಗೆ ಹೋಗಿ ಕರಿಬೇವಿಗೆ ನೀರು ಹಾಕಿದೆ.

ಬಗ್ಗಡ ಸುರಿದು, ಸೊಪ್ಪು ಬೆಳೆದು, ತೆಪ್ಪಗಿದ್ದಿದ್ದರೆ ನಾನು ಅವನನ್ನು ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಅವನು ವಿಜ್ಞಾನಕ್ಕೆ ಕೈ ಹಾಕಿದ. ಒಂದು ಮಧ್ಯಾಹ್ನ ನಾದಿನಿ ಬಸ್ಸಾರು ಮಾಡುತ್ತಿದ್ದಳಂತೆ. ಬೇಯಿಸಿದ ಸೊಪ್ಪು ಕಾಳನ್ನು ಪಲ್ಯಕ್ಕೆ ತೆಗೆದಿಟ್ಟು, ಬಸಿದ ನೀರಿಗೆ ಖಾರ ರುಬ್ಬಿ ಹಾಕುವುದನ್ನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದವನು ಅವತ್ತೇ ಮೊದಲ ಸಲ ಸೌಟು ಕಂಡವನಂತೆ ನಿಂತುಬಿಟ್ಟನಂತೆ. ಮುಂದಿನ ಭಾನುವಾರ ನನಗೆ ಪಾಠ ಶುರುವಾಯಿತು.

"ನೋಡಿ ಅಣ್ಣ, ಸೊಪ್ಪಲ್ಲಿರೋ ಸತ್ವ ಎಲ್ಲಾ ನೀರಿಗಿಳೀತು. ಆ ನೀರ್ನ ಚೆಲ್ಬುಟ್ರೆ ಏನ್ ಉಳೀತು? ಅದ್ಕೇ ನಮ್ಮೋರು ಸಾರು ಮಾಡಿದ್ರು. ಮಣ್ಣೂ ಅಂಗೇಯ. ಬಗ್ಗಡ ಉಯ್ದು ನೀರು ಬುಟ್ರೆ ಬಸ್ದು ಓಯ್ತದೆ. ಅದ್ನ ಇಡ್ಕಂಡು ತಿರ್ಗಾ ಉಯ್ಬೇಕು."

ಅವನ ಈ ‘ಇಂಗೆ, ಅಂಗೆ’ಗಳನ್ನು ನಾನು ತಿದ್ದಲು ಹೋಗುವುದಿಲ್ಲ. ಆದರೆ ಒಂದು ಇಡೀ ಅಧ್ಯಾಯವನ್ನು, ನಾನು ಮೂರು ಸಲ ಪರೀಕ್ಷೆ ಕಟ್ಟಿ ಪಾಸಾದ ಅಧ್ಯಾಯವನ್ನು, ಒಬ್ಬ ಮನುಷ್ಯ ಸೌಟು ಹಿಡಿದು ಮುಗಿಸಿಬಿಟ್ಟರೆ ಹೇಗಾಗುತ್ತದೆ ಹೇಳಿ? "ಹೂಂ, ಸ್ಥೂಲವಾಗಿ ಸರಿ" ಎಂದೆ. ಸ್ಥೂಲವಾಗಿ ಎಂಬ ಪದ ಇಂಥ ಸಂದರ್ಭಗಳಿಗೆಂದೇ ಇದೆ.

ಅಲ್ಲಿಂದ ಪ್ರಯೋಗಗಳು. ಮಡಿಗಳ ಕೆಳಬದಿಗೆ ಕಾಲುವೆ ತೋಡಿ, ಒಡೆದ ಪೈಪು ಹೂತು, ಬಸಿದ ನೀರು ಒಂದು ಅರೆ ಡ್ರಮ್ಮಿಗೆ ಬೀಳುವಂತೆ ಮಾಡಿದ. ಅದನ್ನು ಮೊಗೆದು ಮತ್ತೆ ಮಡಿಗೆ ಸುರಿಯುತ್ತಿದ್ದ. ಇದು ಹೊರಾಂಗಣದ ವ್ಯವಸ್ಥೆ. ಒಳಾಂಗಣಕ್ಕೆ ಅವನು ಆರಿಸಿಕೊಂಡದ್ದು ಹಿತ್ತಾಳೆಯ ಕಾಫಿ ಫಿಲ್ಟರು.

ಈ ಫಿಲ್ಟರಿಗೆ ಚರಿತ್ರೆ ಇದೆ. ಅತ್ತೆ ತಮ್ಮ ಹಿತ್ತಾಳೆ ಫಿಲ್ಟರನ್ನು ಕಿರಿಮಗಳ ಮದುವೆಯಲ್ಲಿ ಕೊಟ್ಟರು. ಹಿರಿಮಗಳಿಗೆ, ಅಂದರೆ ನಮಗೆ, ಸಿಕ್ಕಿದ್ದು ಸ್ಟೀಲಿನದು. ನಮ್ಮ ಮನೆಯಲ್ಲಿ ಮೂವತ್ತಮೂರು ವರ್ಷಗಳಿಂದ ಪ್ರತಿ ಬೆಳಗಿನ ಕಾಫಿಯಲ್ಲೂ ಈ ಅನ್ಯಾಯದ ಒಂದು ಸಣ್ಣ ರುಚಿ ಇರುತ್ತದೆ. ಅಂಥ ಫಿಲ್ಟರಿನ ಮೇಲಿನ ಬಟ್ಟಲಿಗೆ ಅವನು ಮಡಿಯ ಮಣ್ಣು ತುಂಬಿ, ಮೇಲೆ ಒಂದು ಲೋಟ ಬಗ್ಗಡ ಸುರಿದು, ದಿನಕ್ಕೊಂದು ಲೋಟ ನೀರು ಹಾಕುತ್ತ, ಕೆಳಗೆ ಇಳಿದ ‘ಡಿಕಾಕ್ಷನ್’ ಹಿಡಿಯತೊಡಗಿದ. ಸುದ್ದಿ ಕೇಳಿ ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಳು. ತಂಗಿಯ ಜೊತೆಯಲ್ಲ, ಅವನ ಜೊತೆಯೂ ಅಲ್ಲ, ನನ್ನ ಜೊತೆ.

ಇಳಿದ ನೀರನ್ನು ಅವನು ಖಾಲಿ ಟಾನಿಕ್ ಸೀಸೆಗಳಲ್ಲಿ ತುಂಬಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮೊದಲ ದಿನದ್ದು ಕಡುಚಹಾದ ಬಣ್ಣ, ಮೂರನೆಯ ದಿನದ್ದು ತಿಳಿಚಹಾ, ವಾರ ಕಳೆಯುವಷ್ಟರಲ್ಲಿ ಬರೀ ನೀರು. ಪ್ರತಿ ಸೀಸೆಯ ಕುತ್ತಿಗೆಗೂ ದಾರದಲ್ಲಿ ಒಂದು ಚೀಟಿ ಕಟ್ಟಿ ಕೊಟ್ಟಿಗೆಯ ಗೋಡೆಯ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ. ಚೀಟಿಯಲ್ಲಿ ಏನೋ ಬರೆದಿತ್ತು. ಓದಬೇಕಾದರೆ ಜೇಬಿನಿಂದ ಕನ್ನಡಕ ತೆಗೆಯಬೇಕಿತ್ತು. ಅಷ್ಟು ಗೌರವವನ್ನು ಆ ಸೀಸೆಗಳಿಗೆ ಕೊಡಲು ನಾನು ಸಿದ್ಧನಿರಲಿಲ್ಲ.

ಅವನ ತೀರ್ಮಾನ ಇಷ್ಟು: ಬಣ್ಣ ಬಂದರೆ ಸತ್ವ ಸೋರುತ್ತಿದೆ, ತಿಳಿಯಾದರೆ ಮಣ್ಣು ಎಲ್ಲವನ್ನೂ ಹಿಡಿದುಕೊಂಡಿದೆ. ಇದನ್ನು ಕೇಳಿದ ದಿನ ನಾನು ಜಕ್ಕೂರಿನಿಂದ ಯಲಹಂಕದವರೆಗೆ ಸ್ಕೂಟರಿನ ಮೇಲೆ ನಗುತ್ತ ಬಂದೆ. ಏಕೆಂದರೆ ನೈಟ್ರೇಟಿಗೆ ಬಣ್ಣವಿಲ್ಲ! ಬಗ್ಗಡದ ಕಂದುಬಣ್ಣವನ್ನು ಮಣ್ಣು ಹಿಡಿದುಕೊಳ್ಳುತ್ತದೆ, ನಿಜ. ರಂಜಕವನ್ನೂ ಬಹುಮಟ್ಟಿಗೆ ಹಿಡಿದುಕೊಳ್ಳುತ್ತದೆ. ಸಾರಜನಕ ಮಾತ್ರ ಮಣ್ಣಿನಲ್ಲಿ ನೈಟ್ರೇಟಾಗಿ, ನೀರಲ್ಲಿ ಕರಗಿ, ಬಣ್ಣವಿಲ್ಲದೆ ವಾಸನೆಯಿಲ್ಲದೆ, ಹೇಳದೆ ಕೇಳದೆ ಹೊರಟುಹೋಗುತ್ತದೆ. ಅವನು ಅತಿ ತಿಳಿಯಾಗಿದೆ ಎಂದು ಮೆಚ್ಚಿಕೊಂಡ ಸೀಸೆಯಲ್ಲೇ ಅದು ಹಾಯಾಗಿ ಕುಳಿತಿರಬಹುದು. ಅವನ ಕಾಲುವೆ ಹಿಡಿಯುತ್ತಿದ್ದುದು ಮೇಲುಮೇಲಿನ ನೀರನ್ನು. ನೆಟ್ಟಗೆ ಆಳಕ್ಕೆ ಇಳಿದದ್ದನ್ನು ಯಾವ ಡ್ರಮ್ಮು ಹಿಡಿದೀತು?

ಇದನ್ನು ನಾನು ಅವನಿಗೆ ಹೇಳಿದೆನೇ? ಇಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮೂವತ್ತಮೂರು ವರ್ಷಗಳಲ್ಲಿ ಮೊದಲ ಸಲ ಅವನ ಬಳಿ ಇಲ್ಲದ ಒಂದು ವಸ್ತು ನನ್ನ ಬಳಿ ಇತ್ತು. ಅಷ್ಟು ಸುಲಭವಾಗಿ ಯಾರು ಕೊಡುತ್ತಾರೆ?

ಅಷ್ಟರಲ್ಲಿ ಅವನ ಕೀರ್ತಿ ಹದಿನಾಲ್ಕನೆಯ ಅಂತಸ್ತಿಗೆ ಏರಿತ್ತು. ಬಾಲ್ಕನಿಯಲ್ಲಿ ಕುಂಡವಿಟ್ಟವರೆಲ್ಲ ಭಾನುವಾರ ಬೆಳಿಗ್ಗೆ ಕ್ಯಾನು ಹಿಡಿದು ಬಗ್ಗಡಕ್ಕೆ ಸಾಲು ನಿಲ್ಲತೊಡಗಿದರು. ಸುಮ್ಮನೆ ಕೊಡುವ ಜಾಯಮಾನ ಅವನದಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಸೀಸೆಯಲ್ಲಿ ತಂದು ತೋರಿಸಬೇಕು. ಬಿಸಿಲಿಗೆ ಹಿಡಿದು ನೋಡಿ ತೀರ್ಪು ಕೊಡುತ್ತಿದ್ದ: "ನಿಮ್ ಕುಂಡ ಬಸೀತೈತೆ ತಾಯಿ. ಈ ವಾರ ಬರೀ ನೀರು ಉಯ್ರಿ, ಮುಂದಿನ ವಾರ ಬನ್ನಿ." ದೊಡ್ಡ ದೊಡ್ಡ ಕಂಪನಿಗಳಲ್ಲಿ ನೂರಾರು ಜನರನ್ನು ಗದರಿಸುವ ಹೆಂಗಸರು "ಸರಿ ಸರ್" ಎಂದು ಖಾಲಿ ಕ್ಯಾನು ಹಿಡಿದು ವಾಪಸು ಹೋಗುತ್ತಿದ್ದರು. ಸರ್! ನನ್ನನ್ನು ಸರ್ ಎನ್ನುತ್ತಿದ್ದವರು ಪ್ರಯೋಗಾಲಯದಲ್ಲಿ ಮೂರೇ ಜನ, ಅವರಲ್ಲಿ ಒಬ್ಬ ನನಗಿಂತ ಹಿರಿಯ.

ಒಂದು ಭಾನುವಾರ ನಾನು ಈ ದೃಶ್ಯವನ್ನು ಹತ್ತಿರದಿಂದ ನೋಡಲು ಗೇಟಿನ ಪಕ್ಕ ನಿಂತಿದ್ದೆ. ಚೂಡಿದಾರ್ ಹಾಕಿದ ಒಬ್ಬಾಕೆ ಬಹಳ ಸೌಜನ್ಯದಿಂದ ಹೇಳಿದಳು: "ಅಂಕಲ್, ಲೈನು ಆ ಕಡೆಯಿಂದ ಬರುತ್ತೆ." ನಾನು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಏಕೆ ನಿಂತೆ ಎಂದು ಕೇಳಬೇಡಿ, ಸರ್ಕಾರಿ ನೌಕರಿಯಲ್ಲಿದ್ದವರಿಗೆ ಸಾಲು ಕಂಡರೆ ಕಾಲು ತಾನಾಗಿ ಹೋಗುತ್ತದೆ. ನನ್ನ ಸರದಿ ಬಂದಾಗ ಷಡ್ಡಕ ಕೈಯಲ್ಲಿದ್ದ ಚೊಂಬು ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ ಅಂದ: "ಇವ್ರು ನಮ್ಮಣ್ಣ. ದೊಡ್ಡ ಲ್ಯಾಬಲ್ಲಿದ್ರು. ಇದೆಲ್ಲಾ ನನಗಿಂತ ಇವ್ರಿಗೇ ಚೆನ್ನಾಗ್ ಗೊತ್ತು." ಸಾಲಿನವರು ತಿರುಗಿ ನೋಡಿದರು. ನನ್ನ ಕೈಯಲ್ಲಿ ಕ್ಯಾನು ಕೂಡ ಇರಲಿಲ್ಲ. ಇದು ಶುದ್ಧ ಅಪಹಾಸ್ಯವೆಂದು ನಾನು ಅರ್ಥ ಮಾಡಿಕೊಂಡೆ. ಆಗಲಿ, ನಿನ್ನ ಬಾವಿ ನನ್ನ ಪರವಾಗಿ ಮಾತಾಡುತ್ತದೆ ಎಂದುಕೊಂಡೆ.

ಹೌದು, ಬಾವಿ. ಮಡಿಗಳೆಲ್ಲ ಇಳಿಜಾರಿನಲ್ಲಿವೆ, ತಗ್ಗಿನ ಮೂಲೆಯಲ್ಲಿ ಬಾವಿ. ಐದು ಹಸುವಿನ ಬಗ್ಗಡ ದಿನ ಬಿಡದೆ ಅಷ್ಟೇ ಅಷ್ಟು ನೆಲಕ್ಕೆ ಬೀಳುತ್ತಿದ್ದರೆ, ಸೊಪ್ಪು ಉಂಡು ಮಿಕ್ಕ ನೈಟ್ರೇಟ್ ಎಲ್ಲಿಗೆ ಹೋಗಬೇಕು? ಆ ಮನೆಯವರು ಕುಡಿಯುವುದು ಆ ಬಾವಿಯ ನೀರನ್ನೇ. ನಲ್ಲಿ ನೀರಿಗೆ ರುಚಿಯಿಲ್ಲ, ಕ್ಯಾನಿನ ನೀರಿಗೆ ಜೀವವಿಲ್ಲ ಎಂಬುದು ಅತ್ತೆಯ ಅಭಿಪ್ರಾಯ. ಒಂದು ಸೋಮವಾರ ಕಾಲು ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋಗಿ, ಒಂದು ಕೊಡ ಸೇದಿ, ಒಂದು ಲೀಟರು ಬಾಟಲಿಗೆ ತುಂಬಿಸಿ, ಟವೆಲಿನಲ್ಲಿ ಸುತ್ತಿ, ಸ್ಕೂಟರಿನ ಡಿಕ್ಕಿಗೆ ಹಾಕಿದೆ. ಇಷ್ಟು ವಯಸ್ಸಾದ ಮೇಲೆ ನೀರು ಕದಿಯುವ ಯೋಗ ನನ್ನ ಹಣೆಯಲ್ಲಿತ್ತು.

ಹಳೆಯ ಪ್ರಯೋಗಾಲಯದಲ್ಲಿ ನಾನೇ ಕೆಲಸ ಕಲಿಸಿದ ಹುಡುಗಿ ಈಗ ಅಧಿಕಾರಿ. ಬಾಟಲಿಯನ್ನು ಅವಳ ಕೈಗೆ ಕೊಟ್ಟು ಬಂದೆ. ಗುರುವಾರ ಸಂಜೆ ಫೋನು ಮಾಡಿದಳು. "ಸರ್, ನೈಟ್ರೇಟ್ ತುಂಬಾ ಇದೆ. ಮಿತಿಗಿಂತ ಎರಡರಷ್ಟು. ಯಾರ ಬಾವಿ ಸರ್?"

"ಗೊತ್ತಿರೋರದ್ದು ಕಣಮ್ಮ" ಎಂದೆ.

"ಆ ಮನೇಲಿ ಎಳೇ ಮಗು ಯಾರೂ ಇಲ್ಲ ತಾನೆ?"

"ಇಲ್ಲ" ಎಂದೆ. ಆ ಗುರುವಾರಕ್ಕೆ ಅದು ನಿಜವೇ ಆಗಿತ್ತು.

ಫೋನು ಇಟ್ಟ ಮೇಲೆ ನನಗೆ ಸಂತೋಷವಾಯಿತು. ಇದನ್ನು ಅಲಂಕಾರವಿಲ್ಲದೆ ಬರೆದಿಡುತ್ತೇನೆ. ಹೆಂಡತಿಗೆ ಕೇಸರಿಬಾತು ಮಾಡಲು ಹೇಳಿದೆ. ಯಾಕೆ ಎಂದಳು. ಸುಮ್ಮನೆ ಎಂದೆ. ಎರಡು ಬಟ್ಟಲು ತಿಂದೆ. ವರದಿಯನ್ನು ತರಿಸಿ ಪಾರದರ್ಶಕ ಕವರಿನಲ್ಲಿ ಹಾಕಿದೆ. ಭಾನುವಾರ, ಬಗ್ಗಡದ ಸಾಲು ಪೂರ್ತಿ ನೆರೆದಾಗ, ಆ ಚೂಡಿದಾರಿನಾಕೆಯ ಸಮಕ್ಷಮದಲ್ಲಿ ಅದನ್ನು ಓದಬೇಕು. "ಬಣ್ಣವನ್ನು ನಂಬಬೇಡಿ" ಎಂದು ಪ್ರಾರಂಭಿಸಬೇಕು. ಶುಕ್ರವಾರ, ಶನಿವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಇದರ ನಡುವೆ ಹೆಂಡತಿ ಬಂದು ಏನೋ ಹೇಳಿದಳು, ತಂಗಿಯ ಮಗಳು, ಮಾಕಳಿ, ಒಳ್ಳೆಯ ದಿನ ಎಂಬ ಪದಗಳು ಕಿವಿಗೆ ಬಿದ್ದವು. "ಹೂಂ" ಎಂದೆ.

ಭಾನುವಾರ ಹೋದೆ. ಸಾಲಿನಲ್ಲಿ ಹದಿಮೂರು ಜನ. ಕವರು ಕಂಕುಳಲ್ಲಿ. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಷಡ್ಡಕ ಓಡಿಬಂದು ನನ್ನ ರೆಟ್ಟೆ ಹಿಡಿದ. "ಮೊದ್ಲು ಒಳಕ್ಕೆ ಬನ್ನಿ ಅಣ್ಣ. ಮೊಮ್ಮಗಳು ಬಂದವ್ಳೆ."

ಅವನ ಮಗಳನ್ನು ಮಾಕಳಿಗೆ ಕೊಟ್ಟಿದೆ. ಹೆರಿಗೆಯಾಗಿ ತಿಂಗಳು ಗಂಡನ ಮನೆಯಲ್ಲಿದ್ದು, ಒಳ್ಳೆಯ ದಿನ ನೋಡಿಕೊಂಡು ಶುಕ್ರವಾರ ಬೆಳಿಗ್ಗೆ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನಾನು ಹೂಂ ಎಂದಿದ್ದು ಈ ಸುದ್ದಿಗೆ. ನೋಡಿ, ಮೊಮ್ಮಗಳೂ ಅವನಿಗೇ ಮೊದಲು, ಎಂದು ಹೊಸ್ತಿಲು ದಾಟುವಾಗಲೂ ಲೆಕ್ಕ ಹಾಕಿದೆ.

ಅಡಿಗೆಮನೆಯಲ್ಲಿ ಗೋಬರ್ ಗ್ಯಾಸಿನ ನೀಲಿ ಉರಿಯ ಮೇಲೆ ಒಂದು ಪಾತ್ರೆ ಕುದಿಯುತ್ತಿತ್ತು. ಮುಂದೆ ಅತ್ತೆ ಕುಳಿತಿದ್ದರು. ತಾಯಿಗೆ ಹಾಲು ಸಾಲದು, ಡಬ್ಬದ ಪುಡಿ ಕಲಸಿ ಕೊಡುತ್ತಿದ್ದೇವೆ, ಎಳೇ ಕೂಸಲ್ಲವೇ, ಹಾಗಾಗಿ ಬಾವಿ ನೀರನ್ನು ಒಂದು ಪಾತ್ರೆ ಇಟ್ಟರೆ ಅರ್ಧ ಪಾತ್ರೆಗೆ ಇಂಗುವವರೆಗೂ ಕುದಿಸುತ್ತೇನೆ ಎಂದು ಹೇಳಿದರು. ಅವರ ಮುಖದಲ್ಲಿ, ಕೆಲಸವನ್ನು ಸರಿಯಾಗಿ ಮಾಡುತ್ತಿರುವವರ ಸಮಾಧಾನವಿತ್ತು. ಬಾಗಿಲಲ್ಲಿ ಷಡ್ಡಕನ ಮಗಳು ನಿಂತಿದ್ದಳು, ಕೈಯಲ್ಲಿ ಕಲಸಿದ ಹಾಲಿನ ಬಾಟಲಿ. ಒಳಕೋಣೆಯಲ್ಲಿ ಮಗು ಅಳುತ್ತಿತ್ತು.

ನನ್ನ ಭಾಷಣದ ಮೊದಲ ವಾಕ್ಯ ಎಲ್ಲಿ ಹೋಯಿತೋ ಗೊತ್ತಿಲ್ಲ. "ಆ ಹಾಲು ಕೊಡಬೇಡ" ಎಂದೆ. ಅತ್ತೆ ತಿರುಗಿದರು. ನಾನು ಶುರುಮಾಡಿದೆ: ನೈಟ್ರೇಟ್, ದ್ರಾವಣ, ಸಾಂದ್ರತೆ, ಕುಡಿಯುವ ನೀರಿನ ಮಿತಿ. ಮೂವತ್ತೊಂದು ವರ್ಷದ ವಿದ್ಯೆಯೆಲ್ಲ ಬಾಯಿಂದ ಸುರಿಯಿತು. ಯಾರ ಕಿವಿಯಲ್ಲೂ ನಿಲ್ಲಲಿಲ್ಲ. ಮೂರು ತಲೆಮಾರು ಕುಡಿದ ನೀರು, ಅದರ ಮೇಲೆ ಇಷ್ಟು ಕುದಿಸಿದ್ದೇನೆ, ಇನ್ನೇನು ಉಳಿದಿರುತ್ತದೆ ಎಂದರು ಅತ್ತೆ. ಮಗು ಇನ್ನೂ ಜೋರಾಗಿ ಅತ್ತಿತು. ಮಗಳು ಬಾಟಲಿ ಹಿಡಿದು ಒಳಕೋಣೆಯ ಕಡೆಗೆ ಒಂದು ಹೆಜ್ಜೆ ಇಟ್ಟಳು.

ಆಗ ನನಗೆ ಬೇರೆ ದಾರಿ ತೋಚಲಿಲ್ಲ. ಷಡ್ಡಕನ ಸೌಟನ್ನೇ ಕೈಗೆ ತೆಗೆದುಕೊಂಡೆ.

"ಅತ್ತೆ, ಬಸ್ಸಾರಿಗೆ ಉಪ್ಪು ಹಾಕಿ ಅರ್ಧಕ್ಕೆ ಇಂಗಿಸಿದ್ರೆ ಉಪ್ಪು ಕಮ್ಮಿಯಾಗುತ್ತಾ?"

"ಎಲ್ಲಾನಾ ಕಮ್ಮಿ ಆಯ್ತದಾ? ಬಾಯಿಗಿಕ್ಕಕ್ಕಾಗಲ್ಲ, ಅಷ್ಟು ಉಪ್ಪಾಯ್ತದೆ."

"ಮಡಿಗೆ ಸುರಿದ ಬಗ್ಗಡದ ಉಪ್ಪು ಬಸಿದು ಬಾವಿಗೆ ಇಳಿದಿದೆ. ಕಣ್ಣಿಗೆ ಕಾಣಲ್ಲ. ನೀವ್ ಕುದಿಸಿದಷ್ಟೂ ನೀರು ಹೋಗುತ್ತೆ, ಅದು ಉಳಿಯುತ್ತೆ. ದೊಡ್ಡೋರಿಗೆ ತಡೆಯುತ್ತೆ. ಎಳೇ ಮಗೂಗೆ ಉಸಿರು ಸಾಲದ ಹಾಗೆ ಮಾಡುತ್ತೆ, ಮೈ ನೀಲಿಗಟ್ಟುತ್ತೆ."

ಅತ್ತೆ ಕೈಚಾಚಿ ಉರಿ ಆರಿಸಿದರು. ಎದ್ದು ಹೋಗಿ ಬಾಣಂತಿಯ ಕೈಯಿಂದ ಬಾಟಲಿ ತೆಗೆದುಕೊಂಡು ಬಚ್ಚಲಿಗೆ ಚೆಲ್ಲಿದರು. ಬಂದು ನನ್ನ ಎದುರಿಗೆ ನಿಂತರು. ಕಂಕುಳಲ್ಲಿದ್ದ ಕವರನ್ನು ನೋಡಿದರು.

"ಯಾವತ್ ಗೊತ್ತಾಯ್ತು ಇದು?"

"ಗುರುವಾರ."

ಅವರು ಬೆರಳು ಮಡಚಿದರು. ಶುಕ್ರವಾರ, ಶನಿವಾರ, ಭಾನುವಾರ. ಆಮೇಲೆ ದನಿ ಏರಿಸದೆ ಹೇಳಿದರು:

"ಮೊದ್ಲೇ ಯೋಳ್ಬಾರ್ದೇನೋ ಮಗಾ."

ಮೂವತ್ತಮೂರು ವರ್ಷ ಕಾದ ಪದ. ಅದು ಬಂದಾಗ ನನಗೆ ತಲೆ ಎತ್ತಲಾಗಲಿಲ್ಲ.

ಮಗುವನ್ನು ಎತ್ತಿಕೊಂಡು ಷಡ್ಡಕನ ಕಾರಿನಲ್ಲಿ ಹೆಬ್ಬಾಳದ ಮಕ್ಕಳ ಡಾಕ್ಟರ ಬಳಿ ಹೋದೆವು. ದಾರಿಯುದ್ದಕ್ಕೂ ನಾನು ಅದರ ತುಟಿಯನ್ನೇ ನೋಡುತ್ತಿದ್ದೆ. ಕೆಂಪಗಿತ್ತು. ಪ್ರತಿ ಸಿಗ್ನಲ್ಲಿನಲ್ಲೂ ನೋಡಿದೆ, ಕೆಂಪಗೇ ಇತ್ತು. ಡಾಕ್ಟರು ಪರೀಕ್ಷಿಸಿ, ಏನೂ ಆಗಿಲ್ಲ, ಎರಡು ದಿನಕ್ಕೇ ತಿಳಿದದ್ದು ಒಳ್ಳೆಯದಾಯಿತು, ನೀರು ಬದಲಾಯಿಸಿ ಎಂದರು. "ಯಾರು ಪತ್ತೆ ಮಾಡಿದ್ದು?" ಎಂದು ಕೇಳಿದರು. "ನಮ್ಮಣ್ಣ" ಎಂದ ಷಡ್ಡಕ. ಈ ಸಲ ಅದರಲ್ಲಿ ಅಪಹಾಸ್ಯವನ್ನು ಹುಡುಕಲು ನನಗೆ ಶಕ್ತಿ ಇರಲಿಲ್ಲ.

ಮನೆಗೆ ಬಂದ ಮೇಲೆ ಅವನು ವರದಿ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿದ. "ನೀರು ತಿಳಿಯಾಗೇ ಐತಲ್ಲ ಅಣ್ಣ" ಎಂದ. ಅದಕ್ಕೆ ಬಣ್ಣವಿಲ್ಲ ಎಂದೆ. ವರದಿಯನ್ನು ಕವರಿಗೆ ಹಾಕಿ ವಾಪಸು ಕೊಟ್ಟ. ಆಮೇಲೆ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಹಲಗೆಯ ಮೇಲಿನ ಸೀಸೆಗಳನ್ನು ಒಂದೊಂದಾಗಿ ಇಳಿಸಿ ನನ್ನ ಮುಂದೆ ಸಾಲಾಗಿ ಇಟ್ಟ. ಹಾಗಾದರೆ ಇವುಗಳಲ್ಲಿ ಯಾವುದರಲ್ಲಿ ಎಷ್ಟಿದೆ, ನೋಡಿ ಹೇಳಿ ಎಂದ.

ನಾನು ಕನ್ನಡಕ ಹಾಕಿಕೊಂಡೆ. ನಲವತ್ತೊಂದು ಸೀಸೆಗಳು. ಪ್ರತಿ ಚೀಟಿಯಲ್ಲೂ ತಾರೀಕು, ಅದರ ಕೆಳಗೆ ಎಂಟನೆಯ ಕ್ಲಾಸಿನ ದುಂಡಕ್ಷರದಲ್ಲಿ ಒಂದೇ ಸಾಲು: ಅಣ್ಣನಿಗೆ ತೋರಿಸಬೇಕು.

"ಎರಡ್ ವರ್ಷದಿಂದ ತೋರ್ಸನ ಅಂತ್ಲೇ ಮಡಗಿವ್ನಿ" ಎಂದ. "ನೀವು ದೂರ್ದಿಂದ್ಲೇ ನೋಡ್ಕಂಡು ಸೊಪ್ಪು ಇಸ್ಕಂಡು ಓಗ್ಬುಡ್ತಿದ್ರಿ. ಬಲವಂತ ಮಾಡಿದ್ರೆ ನಗ್ತೀರೇನೋ ಅಂತ ಸುಮ್ಕಾದೆ. ನನ್ ಮದುವೇಲಿ ಊಟಕ್ಕೆ ಕೂತಾಗ ನೀವೇ ಯೋಳಿದ್ರಿ, ಮಣ್ಣಿಗೆ ಏನ್ ಆಕ್ತೀವಿ ಅನ್ನೋದಲ್ಲ, ಮಣ್ಣಿಂದ ಏನ್ ಇಳ್ದೋಯ್ತದೆ ಅನ್ನೋದ್ನ ನೋಡ್ಬೇಕು ಅಂತ. ಆವತ್ತಿಂದ ನಿಮ್ ಮ್ಯಾಲೆ ನಂಗೊಂದು ಒಟ್ಟೆಕಿಚ್ಚು ಅಣ್ಣ. ಅಂಗೆ ಕಾರ್ಡಲ್ಲಿ ಬರ್ದು ಕೊಡೋಷ್ಟು ನಾನೂ ಓದ್ಬೇಕಿತ್ತು ಅಂತ."

ನಾನು ಆ ಮಾತು ಹೇಳಿದ್ದೆನಂತೆ. ನನಗೆ ನೆನಪಿಲ್ಲ. ಆ ಮದುವೆಯಿಂದ ನನಗೆ ನೆನಪಿದ್ದದ್ದು ಹಿತ್ತಾಳೆ ಫಿಲ್ಟರು ಮಾತ್ರ.

ಇದಾಗಿ ಎರಡು ಮಳೆಗಾಲ ಕಳೆದಿವೆ. ಅತ್ತೆ ಮರುದಿನದಿಂದಲೇ ಮತ್ತೆ ‘ಅಳಿಯಂದ್ರೆ’ ಎನ್ನಲು ಶುರುಮಾಡಿದರು. ಬಗ್ಗಡ ಈಗ ಡ್ರಮ್ಮುಗಳಲ್ಲಿ ವಾರಕ್ಕೆರಡು ಸಲ ಟೆಂಪೋ ಹತ್ತಿ ಮಾಕಳಿಗೆ, ಬೀಗರ ರಾಗಿ ಹೊಲಕ್ಕೆ ಹೋಗುತ್ತದೆ. ಸೊಪ್ಪಿನ ಮಡಿಗೆ ತಿಂಗಳಿಗೆ ಎರಡೇ ಬಾರಿ. ದಂಟಿನೆಲೆ ಅಂಗೈ ಅಗಲಕ್ಕೆ ಇಳಿದಿದೆ. ಭಾನುವಾರದ ಸಾಲಿನಲ್ಲಿ ಷಡ್ಡಕ ಬಗ್ಗಡ ಕೊಡುತ್ತಾನೆ, ಪಕ್ಕದ ಕುರ್ಚಿಯಲ್ಲಿ ಕುಳಿತು ನಾನು ಯಾವ ಕುಂಡಕ್ಕೆ ಎಷ್ಟು ಬಗ್ಗಡ ಎಂದು ಕಾರ್ಡು ಬರೆಯುತ್ತೇನೆ. ಚೂಡಿದಾರಿನಾಕೆ ಅದನ್ನು ಮಡಚದೆ ಒಯ್ಯುತ್ತಾಳೆ. ಹಿತ್ತಾಳೆ ಫಿಲ್ಟರನ್ನು ಅವನೇ ಹುಣಸೆಹಣ್ಣು ಹಾಕಿ ತಿಕ್ಕಿ ನಮ್ಮ ಮನೆಗೆ ತಂದುಕೊಟ್ಟ. ನನ್ನ ಹೆಂಡತಿ ಅದನ್ನು ಏಳು ಸಲ ತೊಳೆದು ಶೋಕೇಸಿನಲ್ಲಿ ಇಟ್ಟಿದ್ದಾಳೆ. ಕಾಫಿ ಈಗಲೂ ಸ್ಟೀಲಿನದರಲ್ಲೇ. ಕರಿಬೇವಿನಲ್ಲಿ ಈಗ ಹತ್ತೊಂಬತ್ತು ಎಸಳುಗಳಿವೆ.

ಬಾವಿಯ ನೀರನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಒಯ್ಯುತ್ತೇನೆ, ಟವೆಲಿನಲ್ಲಿ ಸುತ್ತದೆ. ಕಳೆದ ವಾರ ಬಂದ ವರದಿಯಲ್ಲಿ ನೈಟ್ರೇಟ್ ಮಿತಿಯೊಳಗಿದೆ.